ಹೆರಾಟಿ ಮನೆತನದ ಮಣ್ಣು

ನಮ್ಮೂರಲ್ಲಿ ಮಣ್ಣಿನ ಕಸುಬು ಇಬ್ಬರದು. ಮಣ್ಣು ಕೊಡುವವಳು ಅಟ್ರಾಕ್ಟಾ ಹೆರಾಟಿ, ಮಣ್ಣು ಮಾಡುವವನು ನಾನು. ಕಾರ್ಮಕ್ ರುವೇನ್ ಎಂದು ಹೆಸರು. ಹೆಸರಿನಲ್ಲೇ ಕರ್ಮ ಹೊತ್ತು ಹುಟ್ಟಿದವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಕಡಲಿಗೆ ಮುಖ ಮಾಡಿದ ಬಾಗಿಲು ನಮ್ಮ ಹೆಂಡದಂಗಡಿಯದು, ಹಿತ್ತಲ ಬಾಗಿಲು ಶವಪೆಟ್ಟಿಗೆಗಳದು. ಅಪ್ಪನ ಕಾಲದಿಂದಲೂ ಹೀಗೇ. ಮುಂದಿನ ಬಾಗಿಲಲ್ಲಿ ಒಳಗೆ ಬಂದವರನ್ನು ಒಂದಲ್ಲ ಒಂದು ದಿನ ಹಿಂದಿನ ಬಾಗಿಲಿಂದ ಮರ್ಯಾದೆಯಾಗಿ ಕಳಿಸಿಕೊಡುತ್ತೇವೆ. ನಡುವೆ ನಾನು ಗಾಲ್ವೇ ಕಾಲೇಜಿಗೆ ಹೋಗಿ ನಾಲ್ಕು ವರ್ಷ ಇತಿಹಾಸ ಓದಿದೆ. ಇತಿಹಾಸ ಮರೆತುಹೋಯಿತು, ಅದನ್ನು ಹೇಳಿಕೊಟ್ಟವರ ದನಿಗಳು ಉಳಿದವು. ಇವತ್ತಿಗೂ ಎರಡು ಲೋಟ ಬಿಯರ್ ಕೊಡಿಸಿದರೆ ಯಾರ ದನಿ ಬೇಕೋ ಅವರ ದನಿಯಲ್ಲಿ ಮಾತಾಡುತ್ತೇನೆ, ಸತ್ತವರಿದ್ದರೂ ಸರಿ.

ಊರು ಕಿಲ್‌ಮೆಲ್ಲಾನ್. ಸಾವಿರದ ನಾನ್ನೂರು ವರ್ಷದ ಹಿಂದೆ ಸಂತ ಮೆಲ್ಲಾನ್ ಕಲ್ಲಿನ ದೋಣಿಯಲ್ಲಿ ಕೂತು ಇಲ್ಲಿಗೆ ಬಂದನಂತೆ. ಕಲ್ಲು ಹೇಗೆ ತೇಲಿತು ಎಂದು ಬಾಲ್ಯದಲ್ಲಿ ಕೇಳಿ ಮೇಷ್ಟರಿಂದ ಏಟು ತಿಂದಿದ್ದೇನೆ. ಹೆಸರಿಗೆ ತಕ್ಕ ಹಾಗೆ ಎಲ್ಲವನ್ನೂ ಮೆಲ್ಲನೆ ನಡೆಸಿಕೊಡುವ ಸಂತ ಅವನು. ಈ ಬೇಸಿಗೆಗೆ ಬಿಸಿಲು ಬೇಡಿಕೊಂಡರೆ ಮುಂದಿನ ಬೇಸಿಗೆಗೆ ಕೊಡುತ್ತಾನೆ, ಅದೂ ಒಂದು ಮಧ್ಯಾಹ್ನಕ್ಕೆ. ಅವನ ಹಳೇ ಚರ್ಚಿಗೆ ಈಗ ಸೂರಿಲ್ಲ. ನಾಲ್ಕು ಗೋಡೆಗಳಲ್ಲಿ ಎರಡನ್ನು ಕಡಲು ತಿಂದಾಗಿದೆ. ಉಳಿದ ಮೂಲೆಯಲ್ಲಿ ಸಂತನ ಸಮಾಧಿಯ ಚಪ್ಪಡಿ. ಅದರಡಿಯ ಮಣ್ಣನ್ನು ಚಿಟಿಕೆಯಷ್ಟು ಬಟ್ಟೆಯಲ್ಲಿ ಕಟ್ಟಿ ದೋಣಿಯ ಮೂತಿಯ ಹಲಗೆಯಡಿ ಇಟ್ಟರೆ ಆ ದೋಣಿ ಮುಳುಗುವುದಿಲ್ಲ.

ಆದರೆ ಯಾರೆಂದರೆ ಅವರು ಅದಕ್ಕೆ ಕೈಹಾಕುವ ಹಾಗಿಲ್ಲ. ಹೆರಾಟಿ ಮನೆತನದಲ್ಲಿ ಬದುಕಿರುವವರ ಪೈಕಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಬಲಗೈಯೇ ಎತ್ತಬೇಕು. ಗಂಡೋ ಹೆಣ್ಣೋ ಲೆಕ್ಕವಿಲ್ಲ, ಭಕ್ತನೋ ಕುಡುಕನೋ ಲೆಕ್ಕವಿಲ್ಲ, ಹಿರಿತನ ಒಂದೇ. ಬೇರೆ ಕೈ ಎತ್ತಿದರೆ ಅದು ಬರೀ ಮಣ್ಣು, ಆಲೂಗಡ್ಡೆ ನೆಡಬಹುದು ಅಷ್ಟೆ. ಬೇಕಾದವರು ಮೂರು ಸಲ ಕೇಳಬೇಕು. ಕಾಸು ಕೊಡಕೂಡದು. ಮಣ್ಣು ಕೈಗೆ ಬಂದಮೇಲೆ ಥ್ಯಾಂಕ್ಸ್ ಅನ್ನಕೂಡದು. ಅಂದರೆ ಅದರ ಜೀವ ಹೋಯಿತು.

ಅಟ್ರಾಕ್ಟಾಳ ಗಂಡ ಮಲಾಕಿ ಡೆವೇನಿ ಅಂದುಬಿಟ್ಟ.

ಸಾವಿರದ ಒಂಬೈನೂರ ಎಂಬತ್ತೆಂಟರ ನವೆಂಬರ್. 'ರೋಜಾ ಮಿಸ್ಟಿಕಾ' ಎಂಬ ದೋಣಿಯಲ್ಲಿ ಮಲಾಕಿಯೂ ಪಾರಿಕ್ ಗಾನ್ ಎಂಬವನೂ ಇನ್ನೊಬ್ಬನೂ ಹೋದರು. ಹಿಂದಿನ ದಿನವಷ್ಟೇ ಹಲಗೆಯಡಿಗೆ ಹೊಸ ಮಣ್ಣು ಇಟ್ಟಿದ್ದರು. ಮೂವರೂ ಬರಲಿಲ್ಲ. ಮಲಾಕಿಯ ಹೆಣ ಹತ್ತು ದಿನಕ್ಕೆ ಸಿಕ್ಕಿತು, ಪಾರಿಕ್‌ನದು ಇವತ್ತಿಗೂ ಇಲ್ಲ. ಮಣ್ಣಿದ್ದ ದೋಣಿ ಹೇಗೆ ಮುಳುಗಿತು ಎಂದು ಊರು ತಲೆ ಕೆಡಿಸಿಕೊಂಡು ಕೂತಿತ್ತು. ಆಗ ಅಟ್ರಾಕ್ಟಾಳೇ ಬಾಯಿಬಿಟ್ಟಳು: ಮಣ್ಣು ಇಸಕೊಂಡು ಬಾಗಿಲು ದಾಟುವಾಗ ಮಲಾಕಿ ತಿರುಗಿ "ಥ್ಯಾಂಕ್ಸ್ ಕಣೇ" ಅಂದಿದ್ದ. ಅವನು ಹಾಗೇ, ಟೀ ಕೊಟ್ಟರೂ ಥ್ಯಾಂಕ್ಸ್, ಬೈದರೂ ಥ್ಯಾಂಕ್ಸ್. ಊರು ಉಸಿರುಬಿಟ್ಟಿತು. ಸಂತನ ತಪ್ಪಲ್ಲ, ಮಣ್ಣಿನ ತಪ್ಪಲ್ಲ, ಮಲಾಕಿಯ ನಾಲಗೆಯ ತಪ್ಪು.

ಅಂದಿನಿಂದ ಅಟ್ರಾಕ್ಟಾಳ ಅಡಿಗೆಮನೆಯಲ್ಲಿ ಮಲಾಕಿಯ ಫೋಟೊಗೆ ದಿನಾ ಬೆಳಿಗ್ಗೆ ಬೈಗುಳದ ಅರ್ಚನೆ. "ಬಾಯಿ ಮುಚ್ಕೊಂಡು ಹೋಗಿದ್ರೆ ಇವತ್ತು ಇಲ್ಲಿ ಕೂತು ಮೊಟ್ಟೆ ತಿನ್ತಿದ್ದೆ. ಕಾನ್‌ಸೆಪ್ಟಾಳ ಗಂಡನ್ನೂ ಕರಕೊಂಡು ಹೋದ್ಯಲ್ಲೋ, ಮರ್ಯಾದಸ್ಥ!" ಕಾನ್‌ಸೆಪ್ಟಾ ಅಂದರೆ ಪಾರಿಕ್ ಗಾನ್‌ನ ಹೆಂಡತಿ. ಅವಳು ಅಟ್ರಾಕ್ಟಾಳ ಮೇಲೆ ಯಾವತ್ತೂ ಮುನಿಸು ಇಟ್ಟುಕೊಳ್ಳಲಿಲ್ಲ. ಮೂವತ್ತಾರು ವರ್ಷ ಚರ್ಚಿನಲ್ಲಿ ಇಬ್ಬರದೂ ಒಂದೇ ಬೆಂಚು, ಒಂದೇ ಜಪಸರದ ಪುಸ್ತಕ, ಪುಟ ತಿರುಗಿಸುವ ಪಾಳಿಗೆ ಮಾತ್ರ ಜಗಳ.

ಇನ್ನೊಂದು ಮಾತು ಹೇಳಬೇಕು. ಅಟ್ರಾಕ್ಟಾಳಿಗೆ ಒಬ್ಬ ಅಣ್ಣನಿದ್ದ, ಫೆಸ್ಟಸ್. ಆಕೆಗಿಂತ ನಾಲ್ಕು ವರ್ಷ ದೊಡ್ಡವನು. ಅರವತ್ತೆರಡರಲ್ಲಿ ಇಂಗ್ಲೆಂಡಿಗೆ ಸುರಂಗ ತೋಡಲು ಹೋದ. ಒಂಬತ್ತು ವರ್ಷ ಕ್ರಿಸ್ಮಸ್‌ಗೆ ಕಾರ್ಡು ಬಂತು, ಆಮೇಲೆ ಅದೂ ನಿಂತಿತು. ಎಪ್ಪತ್ತೊಂಬತ್ತರಲ್ಲಿ ಅವರಪ್ಪ ತೀರಿಕೊಂಡಾಗ ಮಣ್ಣೆತ್ತುವ ಕೈ ಯಾವುದೆಂದು ಗೊತ್ತಾಗಲಿಲ್ಲ. ವರ್ಷದ ಮೇಲೆ ಒಂದು ದಿನ ಕಾದರು. ದೋಣಿಗಳವರು ಅವಸರ ಮಾಡಿದರು. ಆಗಿನ ಹಿರಿಯ ಪಾದ್ರಿ ಮಾನ್ಸಿನ್ಯೋರ್ ಟಿಮನಿ ಫೆಸ್ಟಸ್‌ನ ಆತ್ಮಕ್ಕೆ ಬಲಿಪೂಜೆ ಮಾಡಿಸಿ, ಮನೆತನದ ಕಲ್ಲಿನ ಮೇಲೆ ಹೆಸರು ಕೆತ್ತಿಸಿ, "ಸತ್ತ ಎಂದೇ ತಿಳಿಯೋಣ" ಎಂದು ತೀರ್ಪು ಕೊಟ್ಟರು. ಮಾರನೇ ದಿನ ಅಟ್ರಾಕ್ಟಾ ಚಪ್ಪಡಿಯಡಿಗೆ ಕೈಯಿಟ್ಟಳು. ನಲವತ್ತಾರು ವರ್ಷದ ಹಿಂದೆ, ಮೂವತ್ತೇಳನೇ ವಯಸ್ಸಿನಲ್ಲಿ... ಅಲ್ಲ, ನಲವತ್ತನಾಲ್ಕು ವರ್ಷದ ಹಿಂದೆ. ಲೆಕ್ಕದಲ್ಲಿ ನಾನು ಯಾವತ್ತೂ ಹೆಣವೇ.

ಈ ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ ಇಂಗ್ಲೆಂಡಿನ ಕವೆಂಟ್ರಿಯಿಂದ ಫೋನು ಬಂತು. ನನ್ನಂಥದೇ ಕಸುಬಿನವನು, ನನಗಿಂತ ಮೆತ್ತಗಿನ ದನಿ. "ಫೆಸ್ಟಸ್ ಹೆರಾಟಿ ಅಂತ ಒಬ್ಬರು, ಎಂಬತ್ತೈದು ವಯಸ್ಸು, ಮೂರನೇ ತಾರೀಖು ಇಲ್ಲಿನ ವೃದ್ಧಾಶ್ರಮದಲ್ಲಿ ತೀರಿಕೊಂಡ್ರು. ಊರಲ್ಲೇ ಮಣ್ಣು ಮಾಡ್ಬೇಕು ಅಂತ ಬರೆದಿಟ್ಟಿದ್ದಾರೆ. ಶುಕ್ರವಾರ ವಿಮಾನದಲ್ಲಿ ಕಳಿಸ್ಲಾ?"

"ಯಾವ ಮೂರನೇ ತಾರೀಖು?" ಅಂದೆ.

"ಮೊನ್ನೆ ಮೂರನೇ ತಾರೀಖು ಸಾರ್."

ಹೆಂಡದಂಗಡಿಯ ಕುರ್ಚಿಗಳೆಲ್ಲ ಇನ್ನೂ ಮೇಜಿನ ಮೇಲೆ ಕಾಲು ಮೇಲೆ ಮಾಡಿ ಕೂತಿದ್ದವು. ನಾನೂ ಹಾಗೇ ಅನಿಸಿತು. ಮೊನ್ನೆಯವರೆಗೆ ಫೆಸ್ಟಸ್ ಬದುಕಿದ್ದ. ಅಂದಮೇಲೆ ಮೊನ್ನೆಯವರೆಗೆ ಹಿರಿಯ ಅವನು. ಅಂದಮೇಲೆ ನಲವತ್ತನಾಲ್ಕು ವರ್ಷ ಅಟ್ರಾಕ್ಟಾ ಎತ್ತಿಕೊಟ್ಟದ್ದೆಲ್ಲ ಬರೀ ಮಣ್ಣು. 'ರೋಜಾ ಮಿಸ್ಟಿಕಾ'ದ ಹಲಗೆಯಡಿ ಇದ್ದದ್ದೂ ಬರೀ ಮಣ್ಣು. ಮಲಾಕಿ ಥ್ಯಾಂಕ್ಸ್ ಅಂದನೋ ಬಿಟ್ಟನೋ, ಸಾಯುವ ಜೀವವೇ ಆ ಮಣ್ಣಿನಲ್ಲಿರಲಿಲ್ಲ.

ನನಗೆ ಇದರಲ್ಲೆಲ್ಲ ನಂಬಿಕೆ ಇದೆಯೇ ಎಂದು ಕೇಳಬೇಡಿ. ಕಾಲೇಜಿಗೆ ಹೋದವನು ನಾನು. ಆದರೆ ಅಟ್ರಾಕ್ಟಾಳಿಗೆ ಇದೆ. ಎಂಬತ್ತೊಂದು ವರ್ಷದ ಆ ಹೆಂಗಸು ಎದ್ದು ಓಡಾಡುತ್ತಿರುವುದೇ ಗಂಡನ ಮೇಲಿನ ಆ ಸಿಟ್ಟಿನ ಊರುಗೋಲಿನಲ್ಲಿ. ಅದನ್ನು ಕಿತ್ತುಕೊಂಡರೆ ಆಕೆ ಬೀಳುವುದು ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಸುಳ್ಳು ಹೇಳಬೇಕೆಂದು ಅಲ್ಲೇ, ಫೋನು ಕೆಳಗಿಡುವ ಮೊದಲೇ ನಿಶ್ಚಯಿಸಿದೆ.

ಮೊದಲ ತೊಂದರೆ ರೇಡಿಯೊ. ನಮ್ಮ ಜಿಲ್ಲೆಯ ರೇಡಿಯೊದಲ್ಲಿ ದಿನಕ್ಕೆ ಮೂರು ಸಲ ಸತ್ತವರ ಹೆಸರು ಓದುತ್ತಾರೆ. ಆ ಹೊತ್ತಿಗೆ ಊರಲ್ಲಿ ಕೆಟಲ್ ಕೂಡ ಸಿಳ್ಳೆ ಹಾಕುವುದಿಲ್ಲ. ಕವೆಂಟ್ರಿಯ ನಮ್ಮವರ ಸಂಘದವರು ಆಗಲೇ ಸುದ್ದಿ ಕಳಿಸಿಬಿಟ್ಟಿದ್ದರು, ತಾರೀಖಿನ ಸಮೇತ. ನಾನು ರೇಡಿಯೊಗೆ ಫೋನು ಮಾಡಿ, ಗಂಟಲು ಸರಿಮಾಡಿಕೊಂಡು, ಬಾಯಿಗೆ ತಾನಾಗಿ ಬಂದ ದನಿಯಲ್ಲಿ ಶುರುಮಾಡಿದೆ. ಮೂಗಿನಲ್ಲಿ ಅರ್ಧ, ಸ್ವರ್ಗದಲ್ಲಿ ಅರ್ಧ:

"ಮಗಳೇ... ಕಿಲ್‌ಮೆಲ್ಲಾನಿನಿಂದ ಮಾನ್ಸಿನ್ಯೋರ್ ಟಿಮನಿ ಮಾತಾಡ್ತಿದೀನಿ. ಹೆರಾಟಿ ಅನ್ನೋ ಹೆಸರನ್ನ ಶನಿವಾರದ ತನಕ ಓದಬೇಡಮ್ಮ."

ಆ ಕಡೆ ಹುಡುಗಿ ಕೇಳಿದಳು: "ಮಾನ್ಸಿನ್ಯೋರ್, ತಪ್ಪು ತಿಳೀಬೇಡಿ. ಹೋದ ವರ್ಷ ನಿಮ್ಮ ಸಾವಿನ ಸುದ್ದೀನ ನಾನೇ ಓದಿದ್ನಲ್ಲ?"

ಹೌದಲ್ಲ. ಪೆಟ್ಟಿಗೆಗೆ ಮೊಳೆ ಹೊಡೆದವನೇ ನಾನು. "ಅದು... ನಮ್ಮಣ್ಣ," ಅಂದೆ, ಅದೇ ದನಿಯಲ್ಲಿ. "ಮನೆಯಲ್ಲಿ ಇಬ್ಬರೂ ಮಾನ್ಸಿನ್ಯೋರೇ."

"ಅಯ್ಯೋ ಪಾಪ, ನಿಮ್ಮ ತಾಯಿ ಎಷ್ಟು ಪುಣ್ಯವಂತೆ," ಅಂದಳು ಹುಡುಗಿ. ಹೆಸರು ತೆಗೆದಳು.

ಶುಕ್ರವಾರ ನಾಕ್ ವಿಮಾನ ನಿಲ್ದಾಣದಿಂದ ಪೆಟ್ಟಿಗೆ ತಂದೆ. ಜೊತೆಗೊಂದು ಲಕೋಟೆ. ಅದರಲ್ಲಿ ಸರ್ಕಾರಿ ಕಾಗದಗಳು, ಒಂದು ಜಪಸರ, ಮತ್ತು ನಾಲ್ಕಾಗಿ ಮಡಚಿದ ಒಂದು ಚೀಟಿ. ಚೀಟಿಯ ಮೇಲೆ ಅಟ್ರಾಕ್ಟಾಳ ಹೆಸರು. ಬಿಡಿಸಿ ಓದಿದೆ. ಈ ಕಸುಬಿನಲ್ಲಿ ನಾಚಿಕೆ ಬೇಗ ಸಾಯುತ್ತದೆ. ನಡುಗುವ ಅಕ್ಷರದಲ್ಲಿ ಇಷ್ಟೇ ಇತ್ತು: "ಕುಡಿದು ಕುಡಿದು ಮುಖ ತೋರಿಸುವ ಹಾಗಿರಲಿಲ್ಲ. ಆಮೇಲೆ ಕುಡಿತ ಬಿಟ್ಟೆ, ಆಗ ತಡವಾಗಿತ್ತು. ನಾನಿರುವ ತನಕ ನೀನು ಅದನ್ನು ಮುಟ್ಟಿರುವುದಿಲ್ಲ, ನನಗೆ ಗೊತ್ತು. ಇಷ್ಟು ವರ್ಷ ಕಾಯಿಸಿದ್ದಕ್ಕೆ ಕ್ಷಮಿಸು. ಇನ್ನು ನೀನು ಎತ್ತಬಹುದು."

ಚೀಟಿಯನ್ನು ಒಳಜೇಬಿಗೆ ಹಾಕಿ, ಪೆಟ್ಟಿಗೆಯ ಮೇಲಿನ ಹಿತ್ತಾಳೆ ತಗಡನ್ನು ಕಿತ್ತೆ. ಬೇರೆ ತಗಡು ತಿರುಪಿದೆ. ಹುಟ್ಟು ೧೯೩೯, ಸಾವು ೧೯೭೪.

ಅಟ್ರಾಕ್ಟಾಳಿಗೆ ಕಟ್ಟಿದ ಕತೆ ಹೀಗೆ. ಫೆಸ್ಟಸ್ ಎಪ್ಪತ್ತನಾಲ್ಕರಲ್ಲಿ ಸುರಂಗ ಕುಸಿದು ಸತ್ತ. ಹೆಸರು ಗೊತ್ತಿಲ್ಲದ ಕೂಲಿಗಳ ಜೊತೆ ಅಲ್ಲೇ ಹೂತರು. ಈಗ ಆ ಸ್ಮಶಾನದ ಮೇಲೆ ರಸ್ತೆ ಬರುತ್ತಿದೆ, ಅಗೆದಾಗ ಮೂಳೆಗಳ ಜೊತೆ ಹೆಸರಿನ ಬಿಲ್ಲೆ ಸಿಕ್ಕಿತು. ಕತೆ ಹೇಳುವಾಗ ನನ್ನ ದನಿ ನನಗೇ ಯಾರದೋ ಹಾಗೆ ಕೇಳುತ್ತಿತ್ತು, ಯಾರದೆಂದು ಮಾತ್ರ ಗುರುತು ಹತ್ತಲಿಲ್ಲ.

ಆಕೆ ಬಟ್ಟೆ ಮಡಚುತ್ತಿದ್ದಳು. ಒಂದು ದಿಂಬಿನ ಚೀಲವನ್ನು ನಾಲ್ಕು ಸಲ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ಎಪ್ಪತ್ನಾಲ್ಕರಲ್ಲೇ?"

"ಎಪ್ಪತ್ನಾಲ್ಕರಲ್ಲೇ."

"ಹಾಗಾದ್ರೆ ನಾನು ಕೈಯಿಟ್ಟಾಗ ಅವನಿರ್ಲಿಲ್ಲ."

"ಇರ್ಲಿಲ್ಲ ಅಟ್ರಾಕ್ಟಾ. ಖಂಡಿತ ಇರ್ಲಿಲ್ಲ."

"ನಿಂಗೊತ್ತಾ ಕಾರ್ಮಕ್," ಅಂದಳು, ಮುಖ ಎತ್ತದೆ, "ನಲವತ್ನಾಲ್ಕು ವರ್ಷದಿಂದ ಪ್ರತಿ ಸಲ ಚಪ್ಪಡಿ ಎತ್ತೋವಾಗ ಒಂದು ಸಣ್ಣ ಮುಳ್ಳು ಚುಚ್ಚೋದು. ಇದ್ದಾನೋ ಏನೋ, ಎಲ್ಲೋ ಕೂತು ನಗ್ತಿದ್ದಾನೋ ಏನೋ ಅಂತ. ಇವತ್ತು ನೀನು ತೆಗೆದೆ ನೋಡು." ಆಮೇಲೆ ನಕ್ಕಳು. ಆ ನಗು ಕಂಡು, ಒಳ್ಳೆ ಕೆಲಸ ಮಾಡಿದೆ ಎಂದು ನಾನು ನಂಬಿದೆ. ಅಷ್ಟೊತ್ತು ಮಾತ್ರ ನಂಬಿದ್ದು.

ಶನಿವಾರ ಮಧ್ಯಾಹ್ನ ಪೆಟ್ಟಿಗೆಯನ್ನು ಅವಳ ಮನೆಯ ಮುಂದಿನ ಕೋಣೆಗೆ ತಂದೆವು. ಹೊತ್ತವರಲ್ಲಿ ಒಬ್ಬ ಜಾರ್ಲತ್, ಊರಲ್ಲಿ ಉಳಿದಿರುವ ಒಂದೇ ಒಂದು ದೋಣಿಯ ಯಜಮಾನ, ಮುಂಗೋಪಿ.

"ಏನಯ್ಯಾ ಕಾರ್ಮಕ್," ಅಂದ ಬೆವರು ಒರೆಸಿಕೊಳ್ಳುತ್ತಾ, "ಐವತ್ತು ವರ್ಷದ ಹಳೇ ಮೂಳೆ ಇಷ್ಟು ಭಾರಾನಾ? ಸುರಂಗಾನೂ ಜೊತೆಗೆ ಕಳ್ಸಿದ್ದಾರಾ?"

"ಒಳಗೆ ಸೀಸದ ಹಾಳೆ ಇದೆ. ಇಂಗ್ಲೆಂಡಿನ ಕಾನೂನು."

"ಅವ್ರ ಕಾನೂನು ಯಾವತ್ತೂ ನಮ್ಮ ಹೆಗಲ ಮೇಲೇ," ಅಂದು ಜಾರ್ಲತ್ ವಿಸ್ಕಿ ಇರುವ ಕಡೆ ನಡೆದ.

ಅವನು ಹೋದಮೇಲೆ ಕೋಣೆಯಲ್ಲಿ ನಾಲ್ವರು ಉಳಿದೆವು. ಅಟ್ರಾಕ್ಟಾ, ಕಾನ್‌ಸೆಪ್ಟಾ, ನಾನು, ಫಾದರ್ ಎಮೆಕಾ. ಫಾದರ್ ನೈಜೀರಿಯಾದವರು, ನಾಲ್ಕು ಊರಿಗೆ ಒಬ್ಬರೇ ಪಾದ್ರಿ, ಚಳಿಗೆ ಉಡುಪಿನಡಿ ಎರಡು ಸ್ವೆಟರು ಹಾಕಿಕೊಂಡಿದ್ದರು. ಪ್ರಾರ್ಥನೆ ಮುಗಿಯಿತು. ಅಟ್ರಾಕ್ಟಾ ಎದ್ದು ಒಳಗೆ ಹೋಗಿ ಒಂದು ಬಟ್ಟಲು ತಂದಳು. ಮೇಲೆ ಮುಚ್ಚಿದ ಬಿಳಿ ಬಟ್ಟೆ ತೆಗೆದಳು. ಮಣ್ಣು.

"ಮುಚ್ಚಳ ತೆಗಿ ಕಾರ್ಮಕ್."

"ಯಾಕೆ?"

"ಯಾಕೆ ಅಂದ್ರೆ? ಕೈ ಬದಲಾಗ್ಬೇಡ್ವಾ? ಹಿರಿಯ ಸತ್ತಾಗ ಅವನ ಬಲಗೈಲಿ ಮಣ್ಣಿಟ್ಟು, ಮುಂದಿನವ್ರು ಆ ಕೈಯಿಂದ ತಗೋಬೇಕು. ಅಪ್ಪ ಅಜ್ಜನ ಕೈಯಿಂದ ಹಾಗೇ ತಗೊಂಡಿದ್ದು. ಅಪ್ಪನ ಕೈಯಿಂದ ಫೆಸ್ಟಸ್ ತಗೋಬೇಕಿತ್ತು, ಅವನಿರ್ಲಿಲ್ಲ. ಅದಕ್ಕೆ ನಂಗೆ ಯಾರ ಕೈಯಿಂದಾನೂ ಬರ್ಲೇ ಇಲ್ಲ. ಅಪ್ಪನಿಗಿಂತ ಮೊದಲೇ ಸತ್ತಿದ್ರೂ ಸರಿ, ಈಗ ಇವನ ಕೈಯಿಂದಾದ್ರೂ ಬರ್ಲಿ. ನಿಮ್ಮಪ್ಪ ನಿಂಗೆ ಹೇಳಿಲ್ವಾ?"

ಅಪ್ಪ ಹೇಳಿರಲಿಲ್ಲ. ಎಪ್ಪತ್ತೊಂಬತ್ತರಲ್ಲಿ ನನಗೆ ಹನ್ನೊಂದು ವರ್ಷ. ಆಮೇಲೆ ಹಿರಿಯ ಹೆರಾಟಿ ಯಾರೂ ಸಾಯಲಿಲ್ಲ, ನೋಡುವ ಸಂದರ್ಭ ಬರಲಿಲ್ಲ.

"ಬರೀ ಮೂಳೆ ಅಟ್ರಾಕ್ಟಾ. ಕೈ ಅಂತ ಏನೂ ಉಳಿದಿಲ್ಲ."

"ಮಾಂಸ ಹೋದ್ರೆ ಕೈ ಕೈ ಅಲ್ವಾ? ಸಂತಂದು ಏನು ಮಾಂಸ ಇದ್ಯಾ ಅಲ್ಲಿ?"

"ಕಾನೂನು ಬಿಡಲ್ಲ."

"ಕಾನೂನಂತೆ!" ಅಂದಳು ಕಾನ್‌ಸೆಪ್ಟಾ. "ಭಾನುವಾರ ಬೆಳಿಗ್ಗೆ ಹಿಂದಿನ ಬಾಗಿಲಲ್ಲಿ ಹೆಂಡ ಮಾರೋನು ಕಾನೂನು ಹೇಳ್ತಾನೆ ನೋಡೇ."

ನಾನು ಫಾದರ್ ಕಡೆ ನೋಡಿದೆ. ಪಾಪ, ಒಳ್ಳೆಯ ಮನುಷ್ಯ. "ನಮ್ಮೂರಲ್ಲೂ ಹಿರಿಯರ ಕೈ ಮುಟ್ಟದೆ ಏನೂ ದಾಟಿಸಲ್ಲ," ಅಂದರು. "ಅಮ್ಮನ ಆಸೆ ನಡೆಸಿಕೊಡಿ ಕಾರ್ಮಕ್. ನೋಡೋಕೆ ಕಷ್ಟ ಆದ್ರೆ ನಾನು ಪಕ್ಕದಲ್ಲೇ ಇರ್ತೀನಿ."

ತಿರುಪುಳಿ ತಂದಿಲ್ಲ ಅಂದೆ. ಕಾನ್‌ಸೆಪ್ಟಾ ಅಡಿಗೆಮನೆಯಿಂದ ಬೆಣ್ಣೆ ಚಾಕು ತಂದು ಕೈಗಿಟ್ಟಳು. ತಿರುಪು ಬಿಗಿಯಾಗಿದೆ ಅಂದೆ. "ಹೊಸಾದು ಕಣೋ, ಹೊಳೀತಿದೆ, ನಾನು ಬಿಚ್ಲಾ?" ಅಂದಳು. ಆರು ತಿರುಪುಗಳು. ಒಂದೊಂದನ್ನೂ ಎಷ್ಟು ಮೆಲ್ಲನೆ ಬಿಚ್ಚಿದೆನೆಂದರೆ ಸಂತನೇ ಬೇಸತ್ತಿರಬೇಕು. ಆ ಹೊತ್ತಿನಲ್ಲೇ ಬಾಯಿಬಿಟ್ಟು ನಿಜ ಹೇಳಬಹುದಿತ್ತು. ಎಂಥೆಂಥವರ ದನಿಯಲ್ಲೋ ಮಾತಾಡಬಲ್ಲವನಿಗೆ ನನ್ನ ದನಿಯಲ್ಲಿ ಒಂದು ವಾಕ್ಯ ಹೊರಡಲಿಲ್ಲ.

ಮುಚ್ಚಳ ಎತ್ತಿದೆ.

ಫೆಸ್ಟಸ್ ಹೆರಾಟಿ ನೀಲಿ ಸೂಟಿನಲ್ಲಿ ಮಲಗಿದ್ದ. ತಲೆ ತುಂಬ ಬೆಳ್ಳನೆಯ ಕೂದಲು, ಯಾರೋ ನೀರು ಹಚ್ಚಿ ಬಾಚಿದ್ದರು. ಮುಖ ಥೇಟ್ ಅವರಪ್ಪನದು. ಗಡ್ಡ ಹೆರೆಯುವಾಗ ನರ್ಸಿನ ಕೈ ಜಾರಿರಬೇಕು, ಗಲ್ಲದ ಮೇಲೆ ಉಗುರಿನಷ್ಟು ಪ್ಲಾಸ್ಟರು ಅಂಟಿಸಿತ್ತು.

ಅಟ್ರಾಕ್ಟಾ ಬಹಳ ಹೊತ್ತು ನೋಡಿದಳು. ಮೊದಲು ಕೂದಲನ್ನು, ಆಮೇಲೆ ಕೈಗಳ ಮೇಲಿನ ಮುಪ್ಪಿನ ಕಲೆಗಳನ್ನು. ಒಂದು ಬೆರಳಿನಿಂದ ಆ ಪ್ಲಾಸ್ಟರನ್ನು ಮುಟ್ಟಿದಳು.

"ಕಾರ್ಮಕ್," ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. "ಯಾವತ್ತು?"

"ಮೂರನೇ ತಾರೀಖು."

"ಈ ತಿಂಗಳು?"

"ಈ ತಿಂಗಳು."

ಬಟ್ಟಲು ಅವಳ ಕೈಯಲ್ಲೇ ಇತ್ತು. ಬೀಳಲಿಲ್ಲ. ಜೋಪಾನವಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟಳು, ಬಿಳಿ ಬಟ್ಟೆ ಮುಚ್ಚಿದಳು, ಬಟ್ಟೆಯ ಅಂಚು ಸರಿಮಾಡಿದಳು.

ನಾನು ಕಾನ್‌ಸೆಪ್ಟಾಳನ್ನು ನೋಡುತ್ತಿದ್ದೆ. ಅವಳ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಅಂದುಕೊಂಡೆ. ಅಲ್ಲ, ವರ್ಷ ಎಣಿಸುತ್ತಿದ್ದಳು. ಎಣಿಸಿ ಎಂಬತ್ತೆಂಟಕ್ಕೆ ಬಂದು ನಿಂತಳು. ಅವಳ ಕಣ್ಣು ಪೆಟ್ಟಿಗೆಯಿಂದ ಅಟ್ರಾಕ್ಟಾಳ ಬಲಗೈಗೆ ಹೋಯಿತು. ಆ ಕೈ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತ್ತು.

"ಕಾನ್‌ಸೆಪ್ಟಾ," ಅಂದಳು ಅಟ್ರಾಕ್ಟಾ, "ನಂಗೊತ್ತಿರ್ಲಿಲ್ಲ."

"ಗೊತ್ತು ಕಣೆ."

"ದೇವರಾಣೆ ಗೊತ್ತಿರ್ಲಿಲ್ಲ."

"ಗೊತ್ತು ಅಂದ್ನಲ್ಲ." ಕಾನ್‌ಸೆಪ್ಟಾ ಕೋಟು ಹಾಕಿಕೊಂಡಳು. ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿ, ಟೋಪಿ ಸರಿಮಾಡಿ, ಫಾದರ್‌ಗೆ ತಲೆಬಾಗಿಸಿ ಹೊರಗೆ ನಡೆದಳು. ಬಾಗಿಲನ್ನು ಧಡಾರನೆ ಹಾಕಲಿಲ್ಲ. ಮಾರನೇ ದಿನದ ಬಲಿಪೂಜೆಯಲ್ಲಿ ಆರು ಬೆಂಚು ಹಿಂದೆ ಒಬ್ಬಳೇ ಕೂತಳು. ಇವತ್ತಿಗೂ ಅಲ್ಲೇ.

ಫಾದರ್ ಎಮೆಕಾ ತಮ್ಮ ಕೈಲಾದದ್ದು ಮಾಡಿದರು. ಕುರ್ಚಿ ಹತ್ತಿರ ಎಳೆದುಕೊಂಡು, "ಅಮ್ಮಾ, ಕಾಪಾಡೋನು ದೇವರು, ಮಣ್ಣಲ್ಲ. ಇದರಲ್ಲಿ ನಿಮ್ಮ ತಪ್ಪು ಏನೇನೂ ಇಲ್ಲ," ಅಂದರು.

"ಹೌದು ಫಾದರ್," ಅಂದಳು ಆಕೆ, ಮಗುವಿನ ಹಾಗೆ ವಿಧೇಯವಾಗಿ. ಅವರು ಮುಂದಿನ ಊರಿನ ಪೂಜೆಗೆ ಹೊರಡಬೇಕಿತ್ತು. ಹೊರಟರು.

ಉಳಿದದ್ದು ನಾನು, ಆಕೆ, ಫೆಸ್ಟಸ್. ಏನಾದರೂ ಮಾತಾಡಬೇಕಲ್ಲ. ಕಾಲೇಜಿನವನ ಬುದ್ಧಿ, ಅದೇ ಹೊರಬಂತು. "ಅಟ್ರಾಕ್ಟಾ, ನಿಜವಾಗ್ಲೂ ನೋಡಿದ್ರೆ ಅದು ಬರೀ ಮಣ್ಣು. ಯಾವತ್ತೂ ಬರೀ ಮಣ್ಣೇ. ಯಾರ ಕೈ ಆದ್ರೇನು? ಅವತ್ತು ಗಾಳಿ ಜೋರಿತ್ತು, ದೋಣಿ ಹಳೇದು, ಮುಳುಗ್ತು. ಅಷ್ಟೇ."

ಆಕೆ ನನ್ನನ್ನು ಕರುಣೆಯಿಂದ ನೋಡಿದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ನೋಡಿರಲಿಲ್ಲ.

"ಹಾಗಂದ್ರೆ ನಮ್ಮಪ್ಪ, ನಮ್ಮಜ್ಜ, ಅವರಜ್ಜ, ಎಲ್ಲಾ ಸಾವಿರ ವರ್ಷ ಊರಿನ ಕಣ್ಣಿಗೆ ಮಣ್ಣೆರಚಿದ್ರು. ನಾನು ಮಳೇಲಿ, ಹಿಮದಲ್ಲಿ, ಜ್ವರದಲ್ಲಿ ಹೋಗಿ ಚಪ್ಪಡಿ ಎತ್ತಿದ್ದೂ ಅದಕ್ಕೇ. ಹಾಗಲ್ಲ, ಮಣ್ಣು ನಿಜ ಅಂದ್ರೆ, ಮೂರು ಜನಾನ ಸಾಯೋಕೆ ನಾನೇ ಕಳ್ಸಿದೆ. ಎರಡರಲ್ಲಿ ನಂಗೆ ಯಾವುದು ಬೇಕು ಹೇಳು, ಅದನ್ನೇ ತಗೋತೀನಿ."

ನಾನು ಬೆಣ್ಣೆ ಚಾಕನ್ನು ಒರೆಸಿ ಮೇಜಿನ ಮೇಲಿಟ್ಟೆ.

ಆಕೆ ತಿರುಗಿ ಅಡಿಗೆಮನೆಯ ಬಾಗಿಲಲ್ಲಿ ಕಾಣುತ್ತಿದ್ದ ಮಲಾಕಿಯ ಫೋಟೊ ಕಡೆ ನೋಡಿದಳು. ಫೋಟೊದಲ್ಲಿ ಅವನು ಯಾರದೋ ಮದುವೆಯಲ್ಲಿ ಹಲ್ಲು ಕಿರಿಯುತ್ತಿದ್ದಾನೆ, ಟೈ ವಾರೆಯಾಗಿದೆ.

"ಮೂವತ್ತಾರು ವರ್ಷ ಬೈದೆ ಕಣೋ ಅವನಿಗೆ," ಅಂದಳು. "ಒಂದು ದಿನ ತಪ್ಪಿಸ್ಲಿಲ್ಲ. ಕ್ರಿಸ್ಮಸ್ ದಿನಾನೂ ಬೈದೆ. ಅವನು ಒಂದು ಒಳ್ಳೆ ಮಾತು ಆಡಿದ್ದಷ್ಟೇ."

ಆಮೇಲೆ ಕೇಳಿದಳು: "ಫೆಸ್ಟಸ್ ಏನಾದ್ರೂ ಹೇಳಿ ಕಳ್ಸಿದ್ನಾ?"

ಚೀಟಿ ನನ್ನ ಎದೆಗೆ ಒತ್ತಿಕೊಂಡೇ ಇತ್ತು. "ಇಲ್ಲ," ಅಂದೆ.

ಆ ವಾರ ನಾನು ಹೇಳಿದ ಸುಳ್ಳುಗಳಲ್ಲಿ ನಿಂತದ್ದು ಅದೊಂದೇ.

ಫೆಸ್ಟಸ್‌ನನ್ನು ಸೋಮವಾರ ಮಣ್ಣು ಮಾಡಿದೆ. ಕಲ್ಲಿನ ಮೇಲೆ ಅವನ ಹೆಸರು ಮೊದಲೇ ಇತ್ತು, ಹೊಸದಾಗಿ ಕೆತ್ತುವುದು ಏನೂ ಇರಲಿಲ್ಲ. ಬಂದವರು ಏಳು ಜನ. ಸುದ್ದಿ ಊರೆಲ್ಲ ಹರಡಿತ್ತು. ಯಾರೂ ಅಟ್ರಾಕ್ಟಾಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ, ನಮ್ಮೂರವರು ಅಷ್ಟು ಕೆಟ್ಟವರಲ್ಲ. ಒಬ್ಬೊಬ್ಬರೇ ಬಂದು ಕೈಕುಲುಕಿದರು. ಎಲ್ಲರೂ ಅವಳ ಎಡಗೈ ಹಿಡಿದರು.

ಏಪ್ರಿಲ್‌ನಲ್ಲಿ ಜಾರ್ಲತ್ ದೋಣಿಗೆ ಬಣ್ಣ ಬಳಿದ. ಏಡಿ ಬುಟ್ಟಿಗಳನ್ನು ಕಡಲಿಗೆ ಇಳಿಸುವ ಕಾಲ. ಹಿಂದಿನ ದಿನ ನನ್ನಂಗಡಿಗೆ ಬಂದು, ಕುಡಿಯದೆ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಈಗ ಅವಳು ನಿಜವಾಗ್ಲೂ ಹಿರಿಯಳೇ ತಾನೆ?" ಅಂದ.

"ನಿಜವಾಗ್ಲೂ."

"ಹಾಗಾದ್ರೆ ಈಗಿನ ಮಣ್ಣು ಸರಿಯಾದ ಮಣ್ಣು."

"ಲೆಕ್ಕದ ಪ್ರಕಾರ."

"ನಡಿ, ಜೊತೆಗೆ ಬಾ. ಒಬ್ನೇ ಹೋಗೋಕೆ ನಂಗೆ ಒಂಥರಾ ಆಗುತ್ತೆ."

ಹೋದೆವು. ಆಕೆ ಒಲೆಯ ಮುಂದೆ ಕೂತಿದ್ದಳು. ಗೋಡೆಯಲ್ಲಿ ಮಲಾಕಿಯ ಫೋಟೊ ಇದ್ದ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಜಾರ್ಲತ್ ಬಾಗಿಲಲ್ಲಿ ನಿಂತು ಕ್ರಮಪ್ರಕಾರ ಕೇಳಿದ: "ಮೆಲ್ಲಾನನ ಮಣ್ಣು ಬೇಕು ಹೆರಾಟಿ." ಒಂದನೇ ಸಲಕ್ಕೂ ಎರಡನೇ ಸಲಕ್ಕೂ ಉತ್ತರ ಕೊಡುವ ಪದ್ಧತಿಯಿಲ್ಲ. ಆಕೆ ಕೊಡಲಿಲ್ಲ. ಮೂರನೇ ಸಲ ಕೇಳಿದ. ಆಗ ಏಳಬೇಕು, ಎದ್ದು ಶಾಲು ಹೊದ್ದು ಹಳೇ ಚರ್ಚಿನ ಕಡೆ ಹೊರಡಬೇಕು. ಆಕೆ ಏಳಲಿಲ್ಲ. ಬಲಗೈಯನ್ನು ಮಡಿಲಿನಲ್ಲಿ ಎಡಗೈಯಡಿ ಇಟ್ಟುಕೊಂಡು ಬೆಂಕಿ ನೋಡುತ್ತಲೇ ಇದ್ದಳು.

ಜಾರ್ಲತ್ ಕಾದ. ನಾಲ್ಕನೇ ಸಲ ಕೇಳುವ ಪದ್ಧತಿ ಇಲ್ಲವಾದರೂ ಕೇಳಿದ, ಸುಮ್ಮನೆ ಮನುಷ್ಯ ಮನುಷ್ಯನನ್ನು ಕೇಳುವ ಹಾಗೆ: "ಅಟ್ರಾಕ್ಟಾ, ಕೊಡಲ್ವಾ?"

"ಹೋಗಪ್ಪಾ," ಅಂದಳು.

ಮಾರನೇ ಬೆಳಿಗ್ಗೆ ಅವನು ಮಣ್ಣಿಲ್ಲದೆ ಹೊರಟ. ಕಿಲ್‌ಮೆಲ್ಲಾನಿನಿಂದ ಹಾಗೆ ಹೊರಟ ದೋಣಿ ನನಗೆ ತಿಳಿದ ಮಟ್ಟಿಗೆ ಅದೇ ಮೊದಲು. ಸಂಜೆ ಐದಕ್ಕೆ ಎರಡು ಪೆಟ್ಟಿಗೆ ಏಡಿ ಹಿಡಿದು, ಸಿಗರೇಟು ಸೇದುತ್ತಾ ವಾಪಸು ಬಂದ. ಮರುದಿನವೂ ಹೋದ, ಬಂದ.

ಈಗ ದಿನಾ ನಾಲ್ಕು ಗಂಟೆಗೆ ಅಟ್ರಾಕ್ಟಾ ಧಕ್ಕೆಯ ಗೋಡೆಯ ಹತ್ತಿರ ಬಂದು ನಿಲ್ಲುತ್ತಾಳೆ. ನನ್ನಂಗಡಿಯ ಕಿಟಕಿಯಿಂದ ಬೆನ್ನು ಕಾಣುತ್ತದೆ. ಜಪಸರ ಕೈಯಲ್ಲಿರುತ್ತದೆ, ಮಣಿ ಸರಿಯುತ್ತಿರುತ್ತದೆ. ದೋಣಿ ಬಂದರೆ ಮಣ್ಣು ಸುಳ್ಳು. ಬರದಿದ್ದರೆ ಮತ್ತೊಂದು ಸಾವು ಆಕೆಯ ಕೈಯದು. ಯಾವುದಕ್ಕೆ ಪ್ರಾರ್ಥಿಸುತ್ತಾಳೋ ಕೇಳುವ ಧೈರ್ಯ ನನಗಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ದನಿ ಮಾಡು ಎಂದು ಪೀಡಿಸುತ್ತಾರೆ. ಗಂಟಲು ಸರಿಯಿಲ್ಲ ಅನ್ನುತ್ತೇನೆ.

ಇವತ್ತು ಅಲೆ ಸ್ವಲ್ಪ ಜೋರಿತ್ತು. ಐದಾಯಿತು, ಐದೂಕಾಲಾಯಿತು. ಆಕೆ ಗೋಡೆಗೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದಳು. ಐದೂವರೆಗೆ ಬಂಡೆಯ ಮಗ್ಗುಲಿಂದ ಜಾರ್ಲತ್‌ನ ಹಸಿರು ದೋಣಿಯ ಮೂತಿ ಕಾಣಿಸಿತು. ಆಕೆ ಅದು ಕಟ್ಟೆಗೆ ತಾಗುವ ತನಕ ನೋಡಿದಳು. ಜಾರ್ಲತ್ ಕೈಬೀಸಿದ. ಆಕೆ ಜಪಸರವನ್ನು ಜೇಬಿಗೆ ಹಾಕಿಕೊಂಡು, ಗೋಡೆ ಹಿಡಿದುಕೊಂಡು, ಮನೆಯ ದಾರಿ ಹಿಡಿದಳು.